ಚಿತ್ರದಲ್ಲಿರುವ ಟು-144 ಪ್ಯಾರಿಸ್‌ನಲ್ಲಿ ಬಿದ್ದ ವಿಮಾನವೇ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಸೋವಿಯತ್ ಪತ್ರಿಕೆಯೊಂದರಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರುವ ಸೋವಿಯತ್ ಪ್ರಯಾಣಿಕ ವಿಮಾನ ಟುಪೊಲೆವ್ ಟು-144ರ ಕಪ್ಪುಬಿಳುಪು ಚಿತ್ರವಿದ್ದು, ಚಾಲಕರ ಕೋಣೆಯ ಹಿಂದೆ ಮೀಸೆಯಂತೆ ಎರಡು ಪುಟ್ಟ ರೆಕ್ಕೆಗಳು ಕಾಣುತ್ತವೆ. 1973ರ ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ ಬಿದ್ದದ್ದು ಇದೇ ವಿಮಾನವೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಂಡ್ಯ): 1968ರ ಡಿಸೆಂಬರ್ 31ರಂದು, ಬ್ರಿಟನ್-ಫ್ರಾನ್ಸ್‌ನ ಇಂಥದೇ ವಿಮಾನವಾದ ಕಾಂಕಾರ್ಡ್‌ಗಿಂತ ಎರಡು ತಿಂಗಳು ಮೊದಲೇ ಹಾರಿದ ಮೊದಲ ಮಾದರಿಗೆ ಈ ಪುಟ್ಟ ರೆಕ್ಕೆಗಳಿರಲಿಲ್ಲವಾದ್ದರಿಂದ ನಿಮ್ಮದು ಅದಂತೂ ಅಲ್ಲ. ಕಡಿಮೆ ವೇಗದಲ್ಲಿ ಮೂತಿಯನ್ನು ಎತ್ತಿಹಿಡಿಯಲು ಹೊರಚಾಚಿ, ಆಮೇಲೆ ಮಡಚಿಕೊಳ್ಳುವ ಈ ರೆಕ್ಕೆಗಳು ನಂತರದ ಎಲ್ಲ ಟು-144ಗಳಲ್ಲೂ ಇದ್ದವು. ಆದ್ದರಿಂದ ಇಷ್ಟರಿಂದಲೇ ತೀರ್ಮಾನಿಸಲಾಗದು. ನೋಂದಣಿ ಸಂಖ್ಯೆಯನ್ನು ನೋಡಿ. ಬಿದ್ದದ್ದು 77102.

ಉತ್ತರ (ಕುವೆಂಪುನಗರ, ಮೈಸೂರು): ಜೂನ್ 3ರಂದು ಕಡಿದಾಗಿ ಮೇಲೇರಿದ ಆ ವಿಮಾನ ಕೆಳಮುಖವಾಗಿ ಧುಮುಕಿ, ಚೇತರಿಸಿಕೊಳ್ಳುವ ಯತ್ನದಲ್ಲಿ ಗಾಳಿಯಲ್ಲೇ ಮುರಿದು ಗುಸಾಂವಿಲ್ ಊರಿನ ಮೇಲೆ ಬಿತ್ತು. ಒಳಗಿದ್ದ 6 ಮಂದಿಯೂ ನೆಲದ ಮೇಲಿದ್ದ 8 ಮಂದಿಯೂ ಸತ್ತರು. ಫ್ರೆಂಚ್ ಮಿರಾಜ್ ವಿಮಾನ ಅಡ್ಡ ಬಂದದ್ದೇ ಕಾರಣವೆಂದು ಹಲವರು ಖಚಿತವಾಗಿ ಬರೆಯುತ್ತಾರೆ. ಅಧಿಕೃತ ತನಿಖೆ ಅಷ್ಟು ಖಚಿತವಾಗಿ ಹೇಳಲಿಲ್ಲ.

ಪ್ರಶ್ನೆ ಕೇಳಿದವರು: ಭೂತಗನ್ನಡಿ ಹಿಡಿದು ನೋಡಿದೆ. ಕೊನೆಯ ಅಂಕಿ 2 ಎಂದೇ ಇದೆ. ಇಬ್ಬರಿಗೂ ಧನ್ಯವಾದಗಳು.