ಕಮಾನು ಲ್ಯಾಂಪ್ ಮುಂದಕ್ಕೆ ಬೀಳ್ತಾ ಇದೆ, ಬೇಸ್ ಎಷ್ಟು ತೂಕ ಬೇಕು?

ಬಾಗಿದ_ಪೈಪು:
ಸೋಫಾ ಹಿಂದೆ ಇಡೋಕೆ ಎಂಎಸ್ (ಮಾಮೂಲಿ ಮೆದು ಉಕ್ಕು) ಪೈಪಿನಲ್ಲಿ ಕಮಾನಿನ ಆಕಾರದ ಫ್ಲೋರ್ ಲ್ಯಾಂಪ್ ಮಾಡಿದ್ದೇನೆ. 25 ಎಂಎಂ ಪೈಪು, ಬೇಸ್ 40×40 ಸೆಂ.ಮೀ. ಪ್ಲೇಟು, 6 ಎಂಎಂ ದಪ್ಪ, ಕಂಬ ನಟ್ಟನಡುವೆ. ಶೀಟನ್ನು ಎಲೆ ಥರ ಮಡಚಿ ಮಾಡಿದ ಶೇಡು, ಒಳಗೆ ಎಲ್‌ಇಡಿ ಸ್ಟ್ರಿಪ್ಪು, ಅದಕ್ಕೆ ಬೇಕಾದ ಹಾಗೆ ಕರೆಂಟ್ ಕೊಡೋ ಡ್ರೈವರ್ರು, ಎಲ್ಲ ಸೇರಿ ಎರಡೂವರೆ ಕೆಜಿ. ಕಂಬದಿಂದ 90 ಸೆಂ.ಮೀ. ಆಚೆ ನೇತಾಡುತ್ತದೆ. ನೋಡೋಕೆ ಚೆನ್ನಾಗಿದೆ, ಕೈ ಬಿಟ್ಟರೆ ಮುಗ್ಗರಿಸುತ್ತದೆ. ಬೇಸ್ ಅಗಲ ಮಾಡಿದರೆ ಅಂದ ಕೆಡುತ್ತದೆ. ಇನ್ನೊಂದು, ಬರಿಗಾಲಲ್ಲಿ ನಿಂತು ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ, ಚಪ್ಪಲಿ ಹಾಕಿದ್ದರೆ ಏನೂ ಇಲ್ಲ. ಎರಡು ಪಿನ್ನಿನ ಪ್ಲಗ್ ಹಾಕಿದ್ದೇನೆ.

ಕುಲುಮೆ:
ತೂಕ ಆಮೇಲೆ, ಮೊದಲು ಕಂಬದ ಜಾಗ ಬದಲಿಸಿ. ಲ್ಯಾಂಪ್ ಬೀಳೋದು ಪ್ಲೇಟಿನ ಮುಂದಿನ ಅಂಚಿನ ಮೇಲೆ ಮಗುಚಿಕೊಂಡು, ಹಾಗಾಗಿ ಎಲ್ಲ ದೂರವನ್ನೂ ಆ ಅಂಚಿನಿಂದ ಅಳೆಯಬೇಕು. 1 ಎಂಎಂ ದಪ್ಪದ ಒಂದು ಚದರ ಮೀಟರ್ ಉಕ್ಕು 7.85 ಕೆಜಿ, ಅಂದರೆ ನಿಮ್ಮ ಪ್ಲೇಟು ಸುಮಾರು ಏಳೂವರೆ ಕೆಜಿ. ಕಂಬಕ್ಕೆ ಒಂದೂವರೆ, ಬಾಗಿದ ತೋಳಿಗೆ ಒಂದೂವರೆ ಅಂತ ಇಟ್ಟುಕೊಳ್ಳೋಣ. ತೂಕವನ್ನು ಅಂಚಿನಿಂದ ಇರೋ ದೂರದಿಂದ ಗುಣಿಸಿ ನೋಡೋಣ. ಈಗ ಹಿಡಿದಿಡೋದು ಪ್ಲೇಟು, ಕಂಬ ಸೇರಿ 9 × 20 = 180. ಬೀಳಿಸೋದು ಶೇಡಿನ 2.5 × 70, ತೋಳಿನ 1.5 × 25 (ತೋಳಿನ ತೂಕ ಅದರ ನಡುವೆ ಅಂತ ಹಿಡಿದು), ಎರಡೂ ಸೇರಿ 212 ದಾಟುತ್ತದೆ. ಬೀಳದೆ ಇನ್ನೇನು ಮಾಡುತ್ತದೆ!

ಅದೇ ಕಂಬವನ್ನು 15 ಸೆಂ.ಮೀ. ಹಿಂದಕ್ಕೆ ಸರಿಸಿ. ಬೀಳಿಸೋದು 152ಕ್ಕೆ ಇಳಿಯುತ್ತದೆ, ಹಿಡಿದಿಡೋದು 202ಕ್ಕೆ ಏರುತ್ತದೆ. ಒಂದು ಗ್ರಾಂ ಕಬ್ಬಿಣ ಸೇರಿಸದೆ ನಿಂತುಕೊಂಡಿತು. ಆದರೆ ಮನೇಲಿ ಮಕ್ಕಳಿದ್ದರೆ ಇಷ್ಟು ಸಾಲದು, ಅದೇ ಅಳತೆಯ ಇನ್ನೊಂದು ಪ್ಲೇಟು ಕೆಳಗೆ ಹಾಕಿ. ಆಗ 352 ಆಗುತ್ತದೆ, ಬೇಕಾದ್ದಕ್ಕಿಂತ ಎರಡು ಪಟ್ಟು ಜಾಸ್ತಿ. ಇಟಲಿಯ ಕಾಸ್ಟಿಲಿಯೋನಿ ಸೋದರರು 1962ರಲ್ಲಿ ಮಾಡಿದ ಆರ್ಕೋ ಲ್ಯಾಂಪಿಗೆ ಸುಮಾರು 65 ಕೆಜಿಯ ಅಮೃತಶಿಲೆ ಬೇಸು, ಎತ್ತೋಕೆ ಪೊರಕೆ ಕೋಲು ತೂರಿಸಲಿ ಅಂತಾನೇ ಅದರಲ್ಲಿ ಒಂದು ತೂತು. ನಮಗೆ ಅಷ್ಟೆಲ್ಲ ಬೇಡ ಬಿಡಿ.

ಹಾಂ, ಪ್ಲೇಟಿನ ಕೆಳಗೆ ಪಾದದ ಥರ ಹಾಕಿರೋ ರಬ್ಬರ್ ಬುಷ್ ಎಲ್ಲಿವೆ? ಅವು ಅಂಚಿನಿಂದ ಒಳಗಿದ್ದರೆ ಈ ಲೆಕ್ಕ ಎಲ್ಲ ತಲೆಕೆಳಗು, ಯಾಕಂದ್ರೆ ಮಗುಚೋದು ಬುಷ್ ಮೇಲೆ, ಪ್ಲೇಟಿನ ಅಂಚಿನ ಮೇಲಲ್ಲ.

ವೈರು_ಮಾಮ:
ಗುರು, ಜುಮ್ ಅನ್ನೋದನ್ನ ಸುಮ್ನೆ ಬಿಡಬೇಡಿ. ಈಗಲೇ ಪ್ಲಗ್ ತೆಗೆದಿಡಿ. ಡ್ರೈವರ್ ಒಳಗಿನ ಕೆಪಾಸಿಟರ್‌ನಿಂದ ಚೂರು ಕರೆಂಟ್ ಬಾಡಿಗೆ ಬರೋದು ಉಂಟು, ಅದು ಅರ್ತಿಂಗ್ ಇದ್ದರೆ ಅಲ್ಲೇ ಇಳಿದುಹೋಗುತ್ತದೆ. ಆದರೆ ಪೈಪಿನ ತೂತಿನ ಚೂಪು ಅಂಚು ವೈರಿನ ಸಿಪ್ಪೆ ಕೆರೆದಿದ್ದರೂ ಶುರುವಿನಲ್ಲಿ ಹೀಗೇ ಅನ್ನಿಸಬಹುದು. ವೈರು ಎಳೆದು ನೋಡಿ, ತೂತಿಗೆ ಗ್ರಾಮೆಟ್ (ಅಂಚು ಮುಚ್ಚೋ ರಬ್ಬರ್ ಬಳೆ) ಹಾಕಿ. ಮೂರು ಕೋರ್ ವೈರು, ಮೂರು ಪಿನ್ ಪ್ಲಗ್. ಹಸಿರು ವೈರಿನ (ಅರ್ತ್) ತುದಿಗೆ ಲಗ್, ಅಂದರೆ ತೂತಿರೋ ಲೋಹದ ತುಣುಕು, ಹಾಕಿ ಬೋಲ್ಟಿನಿಂದ ಬಾಡಿಗೆ ಬಿಗಿಯಿರಿ. ಗೋಡೆ ಸಾಕೆಟ್ಟಿನಲ್ಲಿ ಅರ್ತಿಂಗ್ ನಿಜವಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಎಷ್ಟೋ ಮನೇಲಿ ಮೂರನೇ ತೂತು ಬರೀ ಶೋಕಿಗೆ.

ಬಾಗಿದ_ಪೈಪು:
ಬುಷ್ 5 ಸೆಂ.ಮೀ. ಒಳಗಿದ್ದವು! ಅಂಚಿಗೆ ತಂದೆ, ವಾಲೋದು ಕಮ್ಮಿ ಆಯ್ತು, ನಿಲ್ಲಲಿಲ್ಲ. ಕಂಬ ಸರಿಸ್ತೀನಿ. ಎರಡನೇ ಪ್ಲೇಟನ್ನು ಸುತ್ತ ವೆಲ್ಡ್ ಮಾಡಬಹುದಾ?

ಕುಲುಮೆ:
ಬೇಡ. ಸುತ್ತ ವೆಲ್ಡ್ ಹೊಡೆದರೆ ಬಿಸಿಗೆ ಪ್ಲೇಟು ಸೊಟ್ಟಗಾಗಿ ಲ್ಯಾಂಪ್ ಕುಣಿಯುತ್ತದೆ. ಕೆಳಗಿನಿಂದ ಸಿಎಸ್‌ಕೆ ಬೋಲ್ಟು (ತಲೆ ಪ್ಲೇಟಿನೊಳಗೆ ಕೂರೋ ಥರದ್ದು) ನಾಲ್ಕು ಸಾಕು. ಪೌಡರ್ ಕೋಟಿಂಗ್‌ಗೆ (ಪುಡಿ ಬಣ್ಣ ಹಾಕಿ ಓವನ್‌ನಲ್ಲಿ ಬೇಯಿಸೋದು) ಕೊಡೋ ಮೊದಲು ಅರ್ತ್ ಬೋಲ್ಟಿನ ಜಾಗ ಮುಚ್ಚೋಕೆ ಹೇಳಿ, ಬಣ್ಣ ಕೂತರೆ ಅರ್ತ್ ಸರಿಯಾಗಿ ತಾಗೋಲ್ಲ. ಓವನ್ 180–200 ಡಿಗ್ರಿ ಇರುತ್ತದೆ, ಮಾಮೂಲಿ ಟೇಪ್ ಸುಟ್ಟುಹೋಗುತ್ತದೆ. ಹಳೇ ಬೋಲ್ಟು, ವಾಷರ್ ಬಿಗಿದು ಕಳಿಸಿದರೂ ಆಯ್ತು.