ಅಪ್‌ಗ್ರೇಡ್ ಅರ್ಧಕ್ಕೆ ನಿಂತು ಉಬುಂಟು ತೆರೀತಿಲ್ಲ, ಯಾರಾದ್ರೂ ನೋಡ್ರಿ

ವಿದ್ಯಾನಗರ_ಹುಡುಗ: ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ 2ರಲ್ಲಿ ಉಬುಂಟು ಲಿನಕ್ಸ್ ಹಾಕ್ಕೊಂಡೀನಿ. ನಿನ್ನೆ ಸಂಜೆ ಸಾಫ್ಟ್‌ವೇರೆಲ್ಲ ಹೊಸದು ಮಾಡೋ ಆಪ್ಟ್ ಅಪ್‌ಗ್ರೇಡ್ ಓಡ್ತಿರುವಾಗ್ಲೇ ಕರೆಂಟ್ ಹೋಯ್ತು, ಯುಪಿಎಸ್ ಇಲ್ಲ. ಈಗ ತೆರೆದ್ರೆ ಕಪ್ಪು ಕಿಟಕಿ ಮಿಂಚಿ ಮುಚ್ಕೊಳ್ತದೆ. ಫೈನಲ್ ಇಯರ್ ಪ್ರಾಜೆಕ್ಟ್ ಪೂರ್ತಿ ಅದರೊಳಗೇ ಐತೆ. ಗುರುವಾರ ಡೆಮೊ.

ಫಾರ್ಮ್ಯಾಟ್_ಮಂಜ: ಅನ್‌ರಿಜಿಸ್ಟರ್ ಹೊಡ್ದು ಹೊಸದಾಗಿ ಹಾಕ್ಕೊಳ್ಳೋ. ಹತ್ತು ನಿಮಿಷದ ಕೆಲಸ.

ಹಳೇ_ಟರ್ಮಿನಲ್: ದಯವಿಟ್ಟು ಆ ಮಾತು ಕೇಳಬೇಡ ತಮ್ಮಾ. ಅನ್‌ರಿಜಿಸ್ಟರ್ ಮಾಡಿದ್ರೆ ಉಬುಂಟು ಪೂರ್ತಿ ಇರೋ ವರ್ಚುವಲ್ ಡಿಸ್ಕ್ ಫೈಲೇ (ವಿಎಚ್‌ಡಿಎಕ್ಸ್) ಅಳಿಸಿಹೋಗ್ತದೆ, ಪ್ರಾಜೆಕ್ಟೂ ಅದರ ಜೊತೆಗೇ. ಮೊದಲು ಡಬ್ಲ್ಯುಎಸ್‌ಎಲ್ ಶಟ್‌ಡೌನ್ ಕೊಟ್ಟು ಆ ವಿಎಚ್‌ಡಿಎಕ್ಸ್ ಫೈಲನ್ನ ಬೇರೆ ಡ್ರೈವ್‌ಗೆ ಕಾಪಿ ಮಾಡ್ಕೋ. ಆಮೇಲೆ ವಿಂಡೋಸ್‌ನ ಪವರ್‌ಶೆಲ್‌ನಿಂದ ರೂಟ್ ಆಗಿ, ಅಂದ್ರೆ ಎಲ್ಲ ಅಧಿಕಾರ ಇರೋ ಯೂಸರ್ ಆಗಿ, ಒಳಗೆ ಹೋಗಿ ನೋಡು. ಕಮಾಂಡ್ ತಗೊಳ್ಳೋ ಶೆಲ್ ನಿಂದು ಬ್ಯಾಶೋ, ಜೆಡ್‌ಶೆಲ್ಲೋ?

ದುರ್ಗದ_ಟಕ್ಸ್: "ರೂಟ್" ಅಂತೆ! ಬಾಡಿಗೆ ಮನೇಲಿದ್ದು ಯಜಮಾನ ಅನ್ನಿಸ್ಕೊಂಡಂಗೆ. ಡಬ್ಲ್ಯುಎಸ್‌ಎಲ್ ಲಿನಕ್ಸೇ ಅಲ್ಲ. 2016ರಲ್ಲಿ ಬಂದಾಗ ಅದರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಇರ್ಲಿಲ್ಲ, ಪ್ರೋಗ್ರಾಂಗಳು ಕರ್ನಲ್‌ಗೆ ಕೇಳೋ ಸಿಸ್ಟಂ ಕಾಲ್‌ಗಳನ್ನ ವಿಂಡೋಸ್ ಭಾಷೆಗೆ ತಿರುಗಿಸಿ ಹೇಳ್ತಿತ್ತು, ಅಷ್ಟೇ.

ಪಿಜೆ_ಬಡಾವಣೆ: 2016ಕ್ಕೇ ನಿಂತ್ಬಿಟ್ರಲ್ಲ ಸಾರ್! 2019ರಲ್ಲಿ ಘೋಷಿಸಿದ ಎರಡನೇ ಆವೃತ್ತಿಯಲ್ಲಿ ಅಸಲಿ ಕರ್ನಲ್ಲೇ ವರ್ಚುವಲ್ ಮಷೀನಲ್ಲಿ ಓಡ್ತದೆ. ಹುಡುಗ ಮೊದಲ ಸಾಲಲ್ಲೇ 2 ಅಂದಾನೆ. ಇನ್ನು ಬಾಡಿಗೆ ಅಂದ್ರಲ್ಲ, 1997ರ ತನಕ ನಮ್ಮ ದಾವಣಗೆರೆ ನಿಮ್ಮ ಚಿತ್ರದುರ್ಗ ಜಿಲ್ಲೆ ಒಳಗೇ ಇತ್ತು. ಹಂಗಂತ ಊರೇ ಅಲ್ಲ ಅಂತೀರಾ?

ದುರ್ಗದ_ಟಕ್ಸ್: ಒಳಗಿದ್ವಿ ಅಂತ ನೀವೇ ಒಪ್ಕೊಂಡ್ರಲ್ಲ, ಸಾಕು. ಬೇರೆ ಜಿಲ್ಲೆ ಮಾಡ್ಕೊಂಡ್ರೂ ಕೋಟೆ ನೋಡೋಕೆ ನಮ್ಮೂರಿಗೇ ಬರ್ಬೇಕು.

ಪಿಜೆ_ಬಡಾವಣೆ: ಮದುವೆ ಜವಳಿಗೆ ನೀವೆಲ್ಲಿಗೆ ಬರ್ತೀರಿ? ಅದನ್ನ ಹೇಳ್ರಿ ಮೊದ್ಲು.

ಫಾರ್ಮ್ಯಾಟ್_ಮಂಜ: "ಆ ಮಾತು ಕೇಳಬೇಡ" ಅಂದ್ರೆ ಏನ್ರೀ ಅರ್ಥ? ನಾನು ಮೂರು ಸಲ ಅನ್‌ರಿಜಿಸ್ಟರ್ ಮಾಡೀನಿ, ಏನೂ ಹೋಗ್ಲಿಲ್ಲ.

ಹಳೇ_ಟರ್ಮಿನಲ್: ಒಳಗೆ ಏನಾದ್ರೂ ಇದ್ದಿದ್ರೆ ತಾನೇ ಹೋಗೋದು.

ದುರ್ಗದ_ಟಕ್ಸ್: ಜವಳಿ ಮಾತು ಬ್ಯಾಡ. ವಿಂಡೋಸ್ ಏಳದಿದ್ರೆ ನಿಮ್ಮ ಅಸಲಿ ಕರ್ನಲ್ ಏಳ್ತದಾ? ಹೌದು ಅಥವಾ ಇಲ್ಲ.

ಪಿಜೆ_ಬಡಾವಣೆ: ಏಳೋದು ಬೇರೆ, ಅಸಲಿ ಆಗಿರೋದು ಬೇರೆ. ನಿಮ್ಮನ್ನೂ ಬೆಳಗ್ಗೆ ಯಾರೋ ಎಬ್ಬಿಸ್ತಾರಲ್ಲ.

ದುರ್ಗದ_ಟಕ್ಸ್: ಮನೆ ವಿಷಯಕ್ಕೆ ಬರಬ್ಯಾಡ್ರಿ, ಹೇಳ್ತೀನಿ!

ವಿದ್ಯಾನಗರ_ಹುಡುಗ: ಅಣ್ಣಾ, ನಂದು ಜೆಡ್‌ಶೆಲ್. ಕಾಪಿ ಮಾಡ್ಕೊಂಡು ರೂಟಾಗಿ ಹೋದೆ, ಬ್ಯಾಶ್ ತೆರೀತು! ಜೆಡ್‌ಶೆಲ್ ಫೈಲು ಸೊನ್ನೆ ಬೈಟ್ ತೋರಿಸ್ತಿದೆ.

ದುರ್ಗದ_ಟಕ್ಸ್: ಸೊನ್ನೆ! ಕೇಳಿಸ್ತಾ ಪಿಜೆಯವರಿಗೆ?

ಹಳೇ_ಟರ್ಮಿನಲ್: ಬರೆಯೋ ಹೊತ್ತಲ್ಲಿ ಕರೆಂಟ್ ಹೋದ್ರೆ ಯಾವ ಕಂಪ್ಯೂಟರ್ರಿಗೂ ಇದೇ ಗತಿ ಆಗಬಹುದು. ತಮ್ಮಾ, ನಿನ್ನ ಶೆಲ್ ಫೈಲೇ ಖಾಲಿ, ಅದಕ್ಕೇ ಕಿಟಕಿ ಮುಚ್ಕೊಳ್ತಿತ್ತು. ಅಲ್ಲೇ ಪ್ಯಾಕೇಜ್ ಹಾಕೋ ಡಿಪಿಕೆಜಿಗೆ ಕಾನ್ಫಿಗರ್ ಕೊಟ್ಟು ಅರ್ಧ ಉಳಿದದ್ದನ್ನೆಲ್ಲ ಮುಗಿಸು, ಅದಾಗದೆ ಆಪ್ಟ್ ಮುಂದೆ ಹೋಗಲ್ಲ. ಆಮೇಲೆ ಜೆಡ್‌ಶೆಲ್ ರೀಇನ್‌ಸ್ಟಾಲ್ ಮಾಡು.

ದುರ್ಗದ_ಟಕ್ಸ್: "ಯಾವ ಕಂಪ್ಯೂಟರ್ರಿಗೂ" ಅನ್ನಬ್ಯಾಡ್ರಿ. ನಂದು ಲ್ಯಾಪ್‌ಟಾಪು, ಬ್ಯಾಟರಿ ಐತೆ.

ಪಿಜೆ_ಬಡಾವಣೆ: ಕರ್ನಲ್‌ನಿಂದ ಬ್ಯಾಟರಿಗೆ ಇಳಿದ್ರಾ ಸಾಹೇಬ್ರು?

ವಿದ್ಯಾನಗರ_ಹುಡುಗ: ಬಂತು ಅಣ್ಣಾ! ಪ್ರಾಜೆಕ್ಟ್ ಹಂಗೇ ಐತೆ. ಈಗ್ಲೇ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕ್ತಿದೀನಿ.

ಫಾರ್ಮ್ಯಾಟ್_ಮಂಜ: ಹತ್ತು ನಿಮಿಷದ್ದಕ್ಕೆ ಮೂರು ತಾಸು ತಗೊಂಡ್ರಿ.

ದುರ್ಗದ_ಟಕ್ಸ್: ತೆರೆದ್ರೆ ಉಬುಂಟು, ಮುಚ್ಚಿದ್ರೆ ವಿಂಡೋಸೇ.

ಪಿಜೆ_ಬಡಾವಣೆ: ಜವಳಿ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.