ಇಲಿ ಥರ ಆಡಿದ್ರೂ ಎಕ್ಸಿಟ್ ಹತ್ರಾನೇ ಸಾಯ್ತಿದ್ದೀನಿ (ಟಾರ್ಕೋವ್, ಕಸ್ಟಮ್ಸ್ ಮ್ಯಾಪ್)

ತೋಟದ_ಇಲಿ (ಸೋಮವಾರಪೇಟೆ):
ಎಲ್ರಿಗೂ ನಮಸ್ಕಾರ. 2025ರ ನವೆಂಬರಲ್ಲಿ ಎಸ್ಕೇಪ್ ಫ್ರಮ್ ಟಾರ್ಕೋವ್ 1.0 ಬಂದಾಗಲೇ ತಗೊಂಡಿದ್ದೆ (ಸಾಮಾನು ಎತ್ಕೊಂಡು ಎಕ್ಸಿಟ್‌ನಿಂದ ಜೀವಂತ ಹೊರಬರೋ ಶೂಟಿಂಗ್ ಗೇಮ್, ಸತ್ರೆ ಹೊತ್ತಿದ್ದು ಹೋಗುತ್ತೆ). ಕಾಫಿ ಕುಯ್ಲು ಮುಗಿಯೋವರೆಗೆ ಪುರುಸೊತ್ತು ಸಿಗ್ಲಿಲ್ಲ, ಮಾರ್ಚಿಂದ ಆಡ್ತಿದ್ದೀನಿ. ಫೈಟ್ ನನಗೆ ಬರಲ್ಲ, ಇಲಿ ಥರ ಅಡಗಿ ಆಡೋನು. ಪೊದೆ ಸಂದಿಯಲ್ಲಿ ಹೂತಿಟ್ಟಿರೋ ಸ್ಟ್ಯಾಶ್‌ಗಳನ್ನ ಹುಡುಕ್ಕೊಂಡು, ಬ್ಯಾಗ್ ತುಂಬಿಸಿ, ಗೋಡೆ ಪಕ್ಕದಲ್ಲೇ ಜಾರ್ಕೋತೀನಿ. ಫೈಟ್ ಜಾಸ್ತಿ ನಡೆಯೋ ಡಾರ್ಮ್ಸ್ (ಹಾಸ್ಟೆಲ್ ಕಟ್ಟಡ) ಕಡೆ ತಲೆಯೂ ಹಾಕಲ್ಲ. ಮೇ ತಿಂಗಳವರೆಗೆ ಪರ್ವಾಗಿರ್ಲಿಲ್ಲ. ಈಗ ನೋಡಿದ್ರೆ 12 ರೇಡಲ್ಲಿ (ಆಟದ ಸುತ್ತು) 9 ಸಲ ಎಕ್ಸಿಟ್ ಹತ್ರ ಹಿಂದಿನಿಂದ ಹೊಡೆದು ಹಾಕಿದ್ದಾರೆ. ಹೆಜ್ಜೆ ಸದ್ದೇ ಕೇಳಲ್ಲ. ಅಪ್‌ಡೇಟಲ್ಲಿ ಆಡಿಯೋ ಕೆಡಿಸಿದ್ದಾರಾ?

ಪಂದಿಕರಿ_ಪಿಎಂಸಿ:
ಇಲಿಗಳಿಗೆ ಹೀಗೇ ಆಗ್ಬೇಕು 😄 ಡಾರ್ಮ್ಸ್‌ಗೆ ಬಾ, ಆ ಬ್ಯಾಗ್ ನಾನೇ ಹೊತ್ಕೊಂಡು ಹೋಗ್ತೀನಿ.

ಸಿದ್ದಾಪುರ_ಸ್ಕ್ಯಾವ್:
ಅವನ ಮಾತು ಬಿಡಿ. ಹೆಡ್‌ಸೆಟ್ ಯಾವ ಥರದ್ದು? ಟೈಮರಲ್ಲಿ ಎಷ್ಟು ನಿಮಿಷ ಇರುವಾಗ ಎಕ್ಸಿಟ್‌ಗೆ ಹೋಗ್ತೀರಿ? ಮನೆ ಮಾಡು ಹೆಂಚಿಂದಾ, ಶೀಟಾ?

ತೋಟದ_ಇಲಿ:
ಮಾಡಿಗೂ ಟಾರ್ಕೋವ್‌ಗೂ ಏನ್ ಸಂಬಂಧ ಮಾರಾಯ್ರೆ? ಶೀಟೇ. ಹೆಡ್‌ಸೆಟ್ ಓಪನ್ ಬ್ಯಾಕು, ಅದರ ಸಾಫ್ಟ್‌ವೇರಲ್ಲಿ 7.1 ಸರೌಂಡ್ ಸೌಂಡ್ ಆನ್ ಇಟ್ಟಿದ್ದೀನಿ. ಗೇಮಲ್ಲಿ ಬೈನಾರಲ್ ಆಡಿಯೋನೂ (ಸದ್ದಿನ ದಿಕ್ಕು ತಿಳಿಸೋ ಸೆಟ್ಟಿಂಗ್) ಆನ್. ಎಕ್ಸಿಟ್‌ಗೆ ಕೊನೇ 5 ನಿಮಿಷದಲ್ಲಿ ಹೋಗೋದು. ಅಷ್ಟೊತ್ತಿಗೆ ಎಲ್ರೂ ಹೊರಟಿರ್ತಾರಲ್ವಾ.

ಸಿದ್ದಾಪುರ_ಸ್ಕ್ಯಾವ್:
ಸಂಬಂಧ ಇದೆ. ಜೂನಲ್ಲಿ ಮಳೆ ಹಿಡೀತು, ನಿಮ್ಮ ಸಾವೂ ಆಗಲೇ ಶುರುವಾಯ್ತು. ಶೀಟಿನ ಮೇಲೆ ಬೀಳೋ ಮಳೆ ಸದ್ದು ಓಪನ್ ಬ್ಯಾಕ್ ಹೆಡ್‌ಸೆಟ್ ಒಳಗೆ ನೇರ ಬರುತ್ತೆ. ವಾಲ್ಯೂಮ್ ಏರಿಸಿದ್ರೆ ಗುಂಡಿನ ಸದ್ದಿಗೆ ಕಿವಿ ಹೋಗುತ್ತೆ, ಹೆಜ್ಜೆ ಸದ್ದು ಮಾತ್ರ ಮಳೆಯಲ್ಲೇ ಮುಳುಗಿರುತ್ತೆ. ಕ್ಲೋಸ್ಡ್ ಬ್ಯಾಕ್ ಹಾಕಿ. ಇಲ್ಲಾಂದ್ರೆ ಕಿವಿಯೊಳಗೆ ಬಿಗಿಯಾಗಿ ಕೂರೋ ಇಯರ್‌ಫೋನ್ ಆದ್ರೂ ಸಾಕು, ನಾನು ಮೊಬೈಲಿನದ್ದೇ ಹಾಕ್ಕೊಂಡು ಆಡೋದು.

7.1 ಈಗಲೇ ಆಫ್ ಮಾಡಿ. ಗೇಮ್ ತಾನೇ ಒಮ್ಮೆ ದಿಕ್ಕು ಲೆಕ್ಕ ಹಾಕಿ ಕಳಿಸಿರುತ್ತೆ, ಅದನ್ನ ಸಾಫ್ಟ್‌ವೇರ್ ಇನ್ನೊಮ್ಮೆ ಕಲಸುತ್ತೆ. ಬೆನ್ನ ಹಿಂದಿನವನು ಪಕ್ಕದಲ್ಲಿ ಇದ್ದ ಹಾಗೆ ಕೇಳುತ್ತೆ. ಎರಡರಲ್ಲಿ ಒಂದೇ ಇರ್ಲಿ, ಬೈನಾರಲ್ ಇಟ್ಕೊಳ್ಳಿ. ಗೇಮ್ ಒಳಗೆ ನಿಮ್ಮ ಪಾತ್ರಕ್ಕೆ ಹಾಕೋ ಹೆಡ್‌ಸೆಟ್ಟೂ ಮರೀಬೇಡಿ, ಅಗ್ಗದ ಜಿಎಸ್‌ಎಸ್‌ಎಚ್ ಆದ್ರೂ ನಡೆಯುತ್ತೆ. ಬರಿಗಿವಿಯಲ್ಲಿ ಹೋಗೋ ಇಲಿ ಬದುಕಲ್ಲ.

ಇನ್ನು ಕೊನೇ 5 ನಿಮಿಷದ ವಿಷಯ. ಅದು ಹುಷಾರಿತನ ಅಲ್ಲ, ಭಂಡ ಧೈರ್ಯ. ಆಟಗಾರರೇ ಸ್ಕ್ಯಾವ್ (ಗೇಮೇ ಸಾಮಾನು ಕೊಟ್ಟು ಕಳಿಸೋ ಲೂಟಿಕೋರ) ಆಗಿ ರೇಡ್ ಮಧ್ಯದಲ್ಲಿ ಬರ್ತಾರೆ. ಸತ್ರೂ ಅವರ ಸ್ವಂತ ಸಾಮಾನು ಏನೂ ಹೋಗಲ್ಲ, ನಿಮ್ಮ ತುಂಬಿದ ಬ್ಯಾಗ್ ಅವರಿಗೆ ಪುಕ್ಕಟೆ ಊಟ. ಟೈಮರ್ ಮುಗಿದ್ರೆ ಎಂಐಎ (ನಾಪತ್ತೆ) ಅಂತ ಬಂದು ಎಲ್ಲಾ ಹೋಗುತ್ತೆ, ಆ ಗಾಬರಿಗೆ ನೀವು ಓಡ್ತೀರಿ, ಭಾರ ಹೊತ್ತು ಓಡಿದ್ರೆ ಉಸಿರೂ ಮುಗಿಯುತ್ತೆ, ಸದ್ದೂ ಆಗುತ್ತೆ.

ನಮ್ಮ ಕಡೆ ಹಲಸು ಹಣ್ಣಾದಾಗ ಆನೆ ತೋಟಕ್ಕೆ ಇಳಿಯುತ್ತಲ್ಲ, ಆಗ ನಾವು ಏನ್ ಮಾಡ್ತೀವಿ? ಕೊಂಬೆ ಮುರಿಯೋ ಸದ್ದು ಎಲ್ಲಿಂದ ಬಂತು ಅಂತ ನಿಂತು ಕೇಳಿ, ಅದು ದಾಟಿದ ಮೇಲೆ ಗೇಟ್ ತೆಗೀತೀವಿ. ಎಕ್ಸಿಟ್ ಕಾಣೋ ಜಾಗದಲ್ಲಿ ಹಾಗೇ ಒಂದೆರಡು ನಿಮಿಷ ಕೂತ್ಕೊಳ್ಳಿ. ಪೊದೆಯೊಳಗೆ ಅಲ್ಲಾಡಬೇಡಿ, ಎಲೆ ಸದ್ದು ದೂರ ಹೋಗುತ್ತೆ. ಮೌಸ್ ವೀಲ್ ಕೆಳಗೆ ತಿರುಗಿಸಿದ್ರೆ ನಡಿಗೆ ನಿಧಾನ ಆಗುತ್ತೆ, ಹೆಜ್ಜೆ ಸದ್ದೂ ಇಳಿಯುತ್ತೆ.

ಮಡಿಕೇರಿ_ಮೋಡ:
ಸ್ವಲ್ಪ ಸೇರಿಸ್ತೀನಿ. ಬ್ಯಾಗ್ ತುಂಬಿಸೋ ಆಸೆ ಬಿಡಿ, ಬ್ಯಾಗಿನ ಒಂದು ಚೌಕಕ್ಕೆ ಎಷ್ಟು ರೂಬಲ್ (ಗೇಮಿನ ದುಡ್ಡು) ಬರುತ್ತೆ ಅಂತ ನೋಡಿ. ಗ್ರಾಫಿಕ್ಸ್ ಕಾರ್ಡ್ ಎರಡೇ ಚೌಕ, ಬಿಟ್‌ಕಾಯಿನ್ ಒಂದೇ. ಆಲ್ಫಾ ಕಂಟೇನರಲ್ಲಿ ನಾಲ್ಕು ಚೌಕ ಇದೆ, ಅದರಲ್ಲಿ ಹಾಕಿದ್ದು ಸತ್ರೂ ಉಳಿಯುತ್ತೆ. ಒಳ್ಳೇದು ಸಿಕ್ಕಿದ ತಕ್ಷಣ ಅಲ್ಲಿಗೆ ಸೇರಿಸಿ, ಆಮೇಲೆ ಮುಂದಿನ ಸ್ಟ್ಯಾಶ್. ಆದ್ರೆ ತೀರಾ ಬೇಗ ಹೊರಬಂದ್ರೂ ತೊಂದ್ರೆ: 7 ನಿಮಿಷದೊಳಗೆ, 200 ಎಕ್ಸ್‌ಪಿ (ಅನುಭವದ ಅಂಕ) ಇಲ್ದೆ ಬಂದ್ರೆ ರನ್ ಥ್ರೂ ಅಂತ ಬಂದು ಸಾಮಾನಿನ ‘ಫೌಂಡ್ ಇನ್ ರೇಡ್’ (ಇದೇ ರೇಡಲ್ಲಿ ಸಿಕ್ಕಿದ್ದು) ಗುರುತು ಹೋಗುತ್ತೆ.

ಪಂದಿಕರಿ_ಪಿಎಂಸಿ:
ಸ್ಟ್ಯಾಶ್ ಜಾಗ ಎಲ್ಲಾ ಹೇಳ್ಕೊಡಿ, ಅಲ್ಲೇ ಬಂದು ಕಾಯ್ತೀನಿ.

ತೋಟದ_ಇಲಿ (ನಾಲ್ಕು ದಿನದ ನಂತರ):
ತಮ್ಮನ ಇಯರ್‌ಫೋನ್ ಕಿತ್ಕೊಂಡು ಆಡಿದೆ, 7.1 ಆಫ್. ಆರು ರೇಡಲ್ಲಿ ನಾಲ್ಕು ಸಲ ಹೊರಗೆ ಬಂದೆ! ಒಂದು ಸಲ ಎಕ್ಸಿಟ್ ಪಕ್ಕ ಇಬ್ಬರು ಬಡಿದಾಡಿದ್ದು ಪೂರ್ತಿ ಕೇಳಿಸ್ತು. ಗೆದ್ದವನು ಅಲ್ಲಿಂದ ಕಾಲ್ತೆಗೆಯೋವರೆಗೆ ಕದಲಲೇ ಇಲ್ಲ, ಆಮೇಲೆ ಹೋಗಿ ಸೋತವನ ಬ್ಯಾಗಿಂದ ಒಂದು ಗ್ರಾಫಿಕ್ಸ್ ಕಾರ್ಡ್ ಎತ್ಕೊಂಡೆ. ಒಂದು ಸಲ ನನ್ನದೇ ತಪ್ಪಿಂದ ಸತ್ತೆ, ಇನ್ನೊಂದು ಸ್ಟ್ಯಾಶ್ ನೋಡೋಣ ಅಂತ ವಾಪಸ್ ಹೋದೆ.

ಆರನೇದು ಲೆಕ್ಕಕ್ಕಿಲ್ಲ, ಕರೆಂಟ್ ಹೋಯ್ತು. ಕಂಪ್ಯೂಟರ್ ಯುಪಿಎಸ್‌ನಲ್ಲಿ ಓಡ್ತಿತ್ತು, ಇಂಟರ್ನೆಟ್ ಸತ್ತಿತ್ತು. ಅದು ವಾಪಸ್ ಬಂದ್ಮೇಲೆ ರೀಕನೆಕ್ಟ್ ಒತ್ತಿದೆ, ಅಷ್ಟೊತ್ತಿಗೆ ನನ್ನ ಕಥೆ ಮುಗಿದಿತ್ತು.

ಸಿದ್ದಾಪುರ_ಸ್ಕ್ಯಾವ್:
ರೌಟರ್, ಫೈಬರ್ ಡಬ್ಬಿ ಎರಡನ್ನೂ ಅದೇ ಯುಪಿಎಸ್‌ಗೆ ಹಾಕಿ, ಅವು ಎಳೆಯೋ ಕರೆಂಟ್ ಬಹಳ ಕಮ್ಮಿ. ಗಾಳಿಗೆ ಸಿಲ್ವರ್ ಓಕ್ ಬಿದ್ದು ಫೈಬರ್ ತಂತಿಯೇ ತುಂಡಾದ್ರೆ ಮಾತ್ರ ನನ್ನ ಹತ್ರ ಮದ್ದಿಲ್ಲ. ಜೋರು ಗಾಳಿ ದಿನ ಸ್ಕ್ಯಾವ್ ಆಗಿ ಹೋಗಿ, ಕಳ್ಕೊಳ್ಳೋಕೆ ನಿಮ್ಮದು ಏನೂ ಇರಲ್ಲ.

ತೋಟದ_ಇಲಿ:
ಸರಿ ಅಣ್ಣ. ತಮ್ಮ ಇಯರ್‌ಫೋನ್ ವಾಪಸ್ ಕೇಳ್ತಿದ್ದಾನೆ, ಆ ಗ್ರಾಫಿಕ್ಸ್ ಕಾರ್ಡ್ ತೋರಿಸಿದೆ, ‘ಇದನ್ನ ಅಂಗಡೀಲಿ ಕೊಟ್ರೆ ತಗೋತಾರಾ’ ಅಂತಾನೆ.